ಕುಲುಮೆಯಲ್ಲಿ ಬಗ್ಗಿಸಿದ ಪೈಪು, ನನ್ನ ಎಂಜಿಬಿ

ಎರಡು ಮಳೆಗಾಲ ದಾಟಿತು. ನನ್ನ ಹಳೆಯ ಇಂಗ್ಲಿಷ್ ಕಾರು ಎಂಜಿಬಿಯ ಹೊಗೆ ಪೈಪು (ಎಕ್ಸಾಸ್ಟ್) ಗಟ್ಟಿಯಾಗಿಯೇ ಇದೆ. ತೂತಿಲ್ಲ, ಸೀಳಿಲ್ಲ, ಇಂಜಿನ್ನಿನ ಹೊಗೆ ಕೂಡಿ ಬರುವ ಮ್ಯಾನಿಫೋಲ್ಡಿನ ಒಂದು ಸ್ಟಡ್ಡೂ (ನಟ್ ಕೂರುವ ತಿರುಪಿನ ಕಡ್ಡಿ) ಮುರಿದಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಮರಳು ತುಂಬಿಸಿ ಬಗ್ಗಿಸಿದ ಪೈಪು ಎಂಜಿಬಿಗೆ ಆಗುವುದೇ ಇಲ್ಲ, ಸುಮ್ನೆ ಇಂಗ್ಲೆಂಡಿನಿಂದ ತರಿಸಿಬಿಡಿ ಅಂತ ನನಗೆ ಹೇಳಿದವರು ಏಳೆಂಟು ಜನ ಇದ್ದರು. ಕಾಸರಗೋಡು ಕಡೆಯ ನಮ್ಮ ಕುಂಬಳೆಯ ವೆಲ್ಡರ್ ಕೂಡ ಮೊದಲ ದಿನ ಪೈಪನ್ನು ಕೈಯಲ್ಲಿ ತಿರುಗಿಸಿ ನೋಡಿ "ಇದ್ ನಡಕ್ಕೂಲ" (ಇದು ನಡೆಯುವುದಿಲ್ಲ) ಅಂದಿದ್ದ. ಈಗ ಅವನೇ ತನ್ನ ಗಿರಾಕಿಗಳಿಗೆ ನನ್ನ ಕಾರಿನ ಅಡಿ ತೋರಿಸುತ್ತಾನೆ.

ಕಾರು 1967ರ, ಮೇಲಿನ ಹೊದಿಕೆ ತೆರೆಯುವ ರೋಡ್‌ಸ್ಟರ್. 1798 ಸಿಸಿ, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಗೊತ್ತಿರುವವರಿಗೆ ಅಷ್ಟು ಸಾಕು. ಬದಿಯಡ್ಕದ ನಮ್ಮ ಮನೆಗೆ ಬಂದು ಹತ್ತು ಹನ್ನೊಂದು ವರ್ಷ ಆಯಿತು. ನಾನು ತೆಗೆದುಕೊಳ್ಳುವಾಗಲೇ ಅದರ ಎಕ್ಸಾಸ್ಟ್ ಒರಿಜಿನಲ್ ಆಗಿರಲಿಲ್ಲ. ಹಿಂದಿನವರು ಎರಕದ ಮ್ಯಾನಿಫೋಲ್ಡ್ ಕಳಚಿ ಅದರ ಬದಲು ಪೈಪಿನಲ್ಲೇ ಮಾಡಿದ ಹೆಡರ್ ಹಾಕಿಸಿ, ಅಲ್ಲಿಂದ ಹಿಂದಕ್ಕೆ ಎರಡೂಕಾಲು ಇಂಚಿನ ಪೈಪು ಎಳೆದು, ಕೊನೆಯಲ್ಲಿ ಒಂದೇ ಒಂದು ನೇರ ಸೈಲೆನ್ಸರ್ ಕೂರಿಸಿದ್ದರು. ಮೊದಲ ಹತ್ತು ನಿಮಿಷ ಕೇಳುವುದಕ್ಕೆ ಚಂದವೇ. ಆಮೇಲೆ ತಲೆನೋವು. ನಾಲ್ಕನೇ ಗೇರಿನಲ್ಲಿ ಗಂಟೆಗೆ 80 ಕಿಲೋಮೀಟರ್ ಹೋದರೆ ಇಂಜಿನ್ ಸುಮಾರು 2800 ಆರ್‌ಪಿಎಂ ತಿರುಗುತ್ತದೆ, ಸರಿಯಾಗಿ ಅಲ್ಲೇ ಒಂದು ಗುಂಯ್ ಎನ್ನುವ ಸದ್ದು ಎದೆಯೊಳಗೆ ಕೂತು ಬಿಡುತ್ತಿತ್ತು. ಹೈವೇಯಲ್ಲಿ ಎಲ್ಲರೂ ಹೋಗುವ ವೇಗವೇ ಅದು, ಅಲ್ವಾ? ಅದರ ಮೇಲೆ ಪೈಪು ತುಂಬಾ ಕೆಳಗೆ. ಈ ಕಾರೇ ತಗ್ಗು, ಅದರಲ್ಲಿ ಇನ್ನೊಂದು ಇಂಚು ಇಳಿದರೆ ನಮ್ಮ ಮನೆಯ ದಾರಿಯ ಮುರಕಲ್ಲಿಗೆ ಉಜ್ಜದೆ ಬರುವುದೇ ಇಲ್ಲ. ಒಮ್ಮೆ ತಲಪಾಡಿ ಹತ್ತಿರ ತಪಾಸಣೆಯವರು ನಿಲ್ಲಿಸಿ ಸದ್ದಿನ ಬಗ್ಗೆ ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಮೊದಲು ಇದ್ದದ್ದನ್ನೇ ಸರಿ ಮಾಡಲು ಹೊರಟೆ. ಹೆಡರ್ ಕೂತ ಜಾಗದಲ್ಲಿ ಯಾವಾಗಲೂ ಟಿಕ್ ಟಿಕ್ ಅಂತ ಗಾಳಿ ಸೋರುತ್ತಿತ್ತು. ಮೂರು ಸಲ ಗ್ಯಾಸ್ಕೆಟ್ ಬದಲಿಸಿದೆ, ಮೂರು ಸಲವೂ ತಿಂಗಳಲ್ಲಿ ಸುಟ್ಟಿತು. ಕಾರಣ ಗೊತ್ತಾಗುವುದಕ್ಕೆ ವರ್ಷ ಬೇಕಾಯಿತು ಅನ್ನುವುದು ನನಗೆ ಈಗಲೂ ಬೇಸರ. ಈ ಇಂಜಿನ್ನಿನಲ್ಲಿ ಗಾಳಿ ಒಳಗೆ ಹೋಗುವ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಬದಿಗೆ ಇವೆ, ಒಂದೇ ದಪ್ಪ ವಾಷರ್ ಎರಡರ ಫ್ಲ್ಯಾಂಜನ್ನೂ (ಬಿಗಿಯುವ ಚಪ್ಪಟೆ ಅಂಚು) ಒಟ್ಟಿಗೆ ಒತ್ತಿ ಹಿಡಿಯಬೇಕು. ಹೆಡರಿನ ಫ್ಲ್ಯಾಂಜು ಇನ್‌ಟೇಕಿನದ್ದಕ್ಕಿಂತ ಒಂದು ಮಿಲಿಮೀಟರಿನಷ್ಟು ತೆಳು. ವಾಷರ್ ದಪ್ಪದ ಕಡೆ ಮಾತ್ರ ಕೂತು ತೆಳುವಿನ ಕಡೆ ಗಾಳಿಯಲ್ಲೇ ನಿಂತಿತ್ತು. ನೀವು ಎಷ್ಟು ಬಿಗಿದರೂ ಪ್ರಯೋಜನ ಇಲ್ಲ. ಅರ್ಧ ವಾಷರ್ ಕತ್ತರಿಸಿ ಅಡಿಗೆ ಕೊಟ್ಟು ನೋಡಿದೆ. ಮೂರು ವಾರ ನಿಂತಿತು.

ಗುಂಯ್ ಸದ್ದಿಗೆ ಪಕ್ಕದ ಕೊಳವೆ ಹಾಕಿ ನೋಡಿದೆ, ಒಂದು ಕಡೆ ಮುಚ್ಚಿದ ಪೈಪನ್ನು ಮುಖ್ಯ ಪೈಪಿಗೆ ಕವಲಿನ ಹಾಗೆ ಸೇರಿಸುವುದು. 2800ಕ್ಕೆ ಸೆಕೆಂಡಿಗೆ 93 ಪೆಟ್ಟು, ಅದರ ಕಾಲು ಅಲೆಯಷ್ಟು ಉದ್ದ ಬೇಕು. ನಾನು ಮಾಮೂಲಿ ಗಾಳಿಯಲ್ಲಿ ಸದ್ದಿನ ವೇಗ ಹಿಡಿದು 92 ಸೆಂಟಿಮೀಟರ್ ಕತ್ತರಿಸಿದೆ. ಬಿಸಿ ಹೊಗೆಯಲ್ಲಿ ಸದ್ದು ಇನ್ನೂ ಜೋರಾಗಿ ಓಡುತ್ತದೆ ಎಂಬುದನ್ನು ಮರೆತಿದ್ದೆ. ಗುಂಯ್ ಹೋಗಲಿಲ್ಲ. ಕೊಳವೆ ಉದ್ದ ಮಾಡುತ್ತಾ ಹೋದೆ, ಪ್ರತಿ ಸಲ ಐದು ಸೆಂಟಿಮೀಟರ್, ಪ್ರತಿ ಸಲ ಉಪ್ಪಳದವರೆಗೆ ಒಂದು ಓಟ. ಕೊನೆಗೆ ಒಂದು ಅಳತೆಯಲ್ಲಿ ಸದ್ದು ಪೂರ್ತಿ ಮಾಯ. ಆ ಅಳತೆ ನನ್ನ ಹತ್ತಿರವೇ ಇರಲಿ. ನಿಮ್ಮ ಪೈಪಿಗೆ ಅದು ಹೊಂದುವುದೂ ಇಲ್ಲ, ನೀವೇ ಕತ್ತರಿಸಿ ನೋಡಬೇಕು. ಆದರೆ ಒಂದು ಮೀಟರಿಗಿಂತ ಉದ್ದದ ಆ ಕೊಳವೆ ಅಡಿಯಲ್ಲಿ ನೇತಾಡುತ್ತಾ ಮೊದಲ ಹಂಪಿನಲ್ಲೇ ಕಿತ್ತು ಬಂತು.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಒಂದು ಪಟ್ಟಣದ ಫ್ಯಾಬ್ರಿಕೇಟರಿಗೆ 28 ಸಾವಿರ ಕೊಟ್ಟು ಪೂರ್ತಿ ಸ್ಟೇನ್‌ಲೆಸ್ ಪೈಪು ಮಾಡಿಸಿದೆ. 304 ಗ್ರೇಡ್ ಅಂದರು. ಮ್ಯಾಗ್ನೆಟ್ ಹಿಡಿದು ನೋಡಿದೆ, ಅಂಟಲಿಲ್ಲ, ಖುಷಿಯಾಯಿತು. ಮ್ಯಾಗ್ನೆಟ್ಟಿಗೆ ಕಡಿಮೆ ದರ್ಜೆಯ 202 ಕೂಡ ಅಂಟುವುದಿಲ್ಲ ಅಂತ ಆಗ ಗೊತ್ತಿರಲಿಲ್ಲ. ಮಳೆಗಾಲದ ಆಟಿ ತಿಂಗಳು ಮುಗಿಯುವ ಮೊದಲೇ ಪೈಪಿನ ಮೇಲೆ ಕಂದು ಕಲೆ ಬಂತು. ಬ್ಯಾಟರಿ ಇಟ್ಟು ಒಂದು ಹನಿ ಹಾಕುವ ಟೆಸ್ಟ್ ಕಿಟ್ ತರಿಸಿ ನೋಡಿದರೆ ಹನಿ ಕೆಂಪಾಯಿತು, ಅಂದರೆ 202. ಅದಕ್ಕಿಂತ ಮುಖ್ಯ, ಅವರು ಪೈಪನ್ನು ಚಾಸಿಸ್ಸಿಗೆ ಕಬ್ಬಿಣದ ಪಟ್ಟಿಯಲ್ಲಿ ಬಿಗಿಯಾಗಿ ಕಟ್ಟಿದ್ದರು. ಈ ಜಾತಿಯ ಸ್ಟೇನ್‌ಲೆಸ್ ಬಿಸಿಯಾದಾಗ ಮಾಮೂಲಿ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಒಂದೂವರೆ ಮೀಟರ್ ಪೈಪು 300 ಡಿಗ್ರಿ ಏರಿದರೆ ಏಳೆಂಟು ಮಿಲಿಮೀಟರ್ ಉದ್ದವಾಗುತ್ತದೆ. ಹೋಗಲು ಜಾಗ ಇಲ್ಲದಿದ್ದರೆ ಎಲ್ಲಿ ಹೋಗಬೇಕು? ನಾಲ್ಕು ತಿಂಗಳಲ್ಲಿ ವೆಲ್ಡಿಂಗ್ ಸುತ್ತಲೂ ಸೀಳಿತು. ಎರಡು ಸಲ ಬೆಸೆದೆ. ಮೂರನೇ ಸಲ ಬಿಚ್ಚಿ ಅಟ್ಟಕ್ಕೆ ಎಸೆದೆ.

ಆಗ ತೀರ್ಮಾನ ಮಾಡಿದೆ. ಈ ಕಾರು ಮಾಡಿದ ಅಬಿಂಗ್‌ಡನ್ ಫ್ಯಾಕ್ಟರಿಯವರು ಹೇಗೆ ಇಟ್ಟಿದ್ದರೋ ಹಾಗೆಯೇ ಇಡೋಣ. ಎರಕದ ಮ್ಯಾನಿಫೋಲ್ಡ್, ಎರಡು ಇಳಿ ಪೈಪು, 1¾ ಇಂಚು, ಮಧ್ಯದಲ್ಲಿ ಒಂದು ಸೈಲೆನ್ಸರ್ ಡಬ್ಬ, ಹಿಂದೆ ಒಂದು ಡಬ್ಬ, ರಬ್ಬರಿನಲ್ಲಿ ನೇತಾಟ. 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ಕಾರು ಮಾಡಿದವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಹೊರಗಿನಿಂದ ತರಿಸಿದರೆ ಸಾಗಾಟ, ಸುಂಕ ಎಲ್ಲ ಸೇರಿ 70–75 ಸಾವಿರ ಅಂತ ಲೆಕ್ಕ ಬಂತು. ಆ ವರ್ಷ ಅಡಿಕೆಗೆ ಮಹಾಳಿ (ಕೊಳೆ ರೋಗ) ಬಿದ್ದಿತ್ತು, ಅಷ್ಟು ಹಣ ಕಾರಿಗೆ ಹಾಕುವ ಹಾಗಿರಲಿಲ್ಲ.

ಮ್ಯಾನಿಫೋಲ್ಡ್ ಕೊಯಮತ್ತೂರಿನಲ್ಲಿ ಹಳೆಯದು ಸಿಕ್ಕಿತು, 9 ಸಾವಿರ. ಇಳಿ ಪೈಪಿನ ಆರು ಸ್ಟಡ್ಡುಗಳಲ್ಲಿ ನಾಲ್ಕು ಒಳಗೇ ಮುರಿದಿದ್ದವು. ಡ್ರಿಲ್ ಮಾಡಲು ಹೋಗಬೇಡಿ. ಮುರಿದ ತುಂಡಿನ ಮೇಲೆ ನಟ್ ಇಟ್ಟು ಒಳಗಿನಿಂದ ವೆಲ್ಡ್ ತುಂಬಿಸಿ, ಕೆಂಪು ಇಳಿಯುವವರೆಗೆ ಕಾದು, ಸ್ಪ್ಯಾನರಿನಲ್ಲಿ ಹಿಂದೆ ಮುಂದೆ ಮಾಡಿದರೆ ಬೆಣ್ಣೆಯ ಹಾಗೆ ಬರುತ್ತದೆ. ಮೂರು ಹಾಗೆಯೇ ಬಂದವು, ನಾಲ್ಕನೆಯದು ಐದು ಸಲ ವೆಲ್ಡ್ ಕೇಳಿತು. ಹೊಸದಕ್ಕೆ ಇಂಚಿನ ಸಣ್ಣ ತಿರುಪಿನ 5/16 ಯುಎನ್‌ಎಫ್ ಸ್ಟಡ್ಡು, ಹಿತ್ತಾಳೆ ನಟ್ಟು. ಉಕ್ಕಿನ ನಟ್ ಹಾಕಿದರೆ ಮುಂದಿನ ಸಲ ಮತ್ತೆ ಇದೇ ಕಥೆ. ಆಮೇಲೆ ಇನ್‌ಟೇಕ್, ಎಕ್ಸಾಸ್ಟ್ ಎರಡನ್ನೂ ಒಂದೇ ಪ್ಲೇಟಿಗೆ ಬಿಗಿದು ಒಟ್ಟಿಗೆ ಮಿಲ್ಲಿಂಗ್ ಮಾಡಿಸಿದೆ. ಮುಖವೂ ಸಮ, ವಾಷರ್ ಕೂರುವ ಬೆನ್ನೂ ಸಮ. 1500 ರೂಪಾಯಿ ಕೆಲಸ. ಅಂದಿನಿಂದ ಟಿಕ್ ಟಿಕ್ ಕೇಳಿಲ್ಲ.

ಈಗ ಪೈಪು ಬಗ್ಗಿಸುವ ವಿಷಯ. ಈ ಭಾಗದಲ್ಲಿ 1¾ ಇಂಚಿಗೆ ಒಳ್ಳೆಯ ಬೆಂಡಿಂಗ್ ಮೆಷಿನ್ ನನಗೆ ಸಿಗಲಿಲ್ಲ. ಇದ್ದವುಗಳಲ್ಲಿ ಬಗ್ಗಿಸಿದರೆ ಒಳಮೈ ಸುಕ್ಕಾಗಿ ದಾರಿ ಮುಕ್ಕಾಲು ಭಾಗಕ್ಕೆ ಇಳಿಯುತ್ತಿತ್ತು. ನಮ್ಮ ಮನೆಯ ಹತ್ತಿರದ ಕಮ್ಮಾರ ಆಚಾರಿಯವರಿಗೆ ಎಪ್ಪತ್ತು ದಾಟಿದೆ. ಹಿಂದೆ ಪಂಪಿನ ಪೈಪುಗಳನ್ನು ಮರಳು ತುಂಬಿಸಿಯೇ ಬಗ್ಗಿಸುತ್ತಿದ್ದರಂತೆ. ಅವರು ಮಾತ್ರ ಆಗುತ್ತದೆ ಅಂದರು.

ಕಾರಿನ ಅಡಿ ಮಲಗಿ 6 ಮಿಲಿಮೀಟರ್ ಕಂಬಿಯನ್ನು ಪೈಪು ಹೋಗಬೇಕಾದ ದಾರಿಯಲ್ಲೇ ಬಗ್ಗಿಸಿ ಅಚ್ಚು ಮಾಡಿಕೊಂಡೆ. ಪೈಪು 16 ಗೇಜು, 20 ಅಡಿಯ ಒಂದು ಉದ್ದ ಸುಮಾರು 2600. ಮೊದಲ ದಿನ ತೋಡಿನ ಮರಳು ತುಂಬಿಸಿ ಎರಡೂ ಕಡೆ ಮರದ ಬೆಣೆ ಬಡಿದು ತೆಂಗಿನ ಗೆರಟೆಯ ಇದ್ದಿಲಿನ ಬೆಂಕಿಗೆ ಇಟ್ಟೆವು. ಬಿಸಿಲಿಗೆ ಎರಡು ದಿನ ಒಣಗಿಸಿದ ಮರಳು, ಸಾಕು ಅಂದುಕೊಂಡಿದ್ದೆ. ಸಾಲಲಿಲ್ಲ. ಒಳಗಿನ ಪಸೆ ಆವಿಯಾಗಿ ಬೆಣೆ ಗುಂಡಿನ ಹಾಗೆ ಹಾರಿ ಅಂಗಳದ ಆಚೆಯ ಅಡಿಕೆ ಮರಕ್ಕೆ ಬಡಿಯಿತು. ಆ ದಾರಿಯಲ್ಲಿ ಯಾರೂ ಇರಲಿಲ್ಲ, ದೇವರು ದೊಡ್ಡವನು. ಮುಂದಿನ ಸಲ ಮರಳನ್ನು ದೊಡ್ಡ ಬಾಣಲೆಯಲ್ಲಿ ಒಂದು ಗಂಟೆ ಹುರಿದು, ಬಿಸಿ ಇರುವಾಗಲೇ ತುಂಬಿಸಿ, ತುಂಬಿಸುತ್ತಾ ಪೈಪಿನ ಮೈಗೆ ಮರದ ಸುತ್ತಿಗೆಯಿಂದ ಬಡಿಯುತ್ತಾ ಹೋದೆವು. ಬಡಿದಷ್ಟೂ ಮರಳು ಇಳಿಯುತ್ತದೆ. ಇನ್ನು ಇಳಿಯುವುದಿಲ್ಲ ಅನ್ನಿಸಿದ ಮೇಲೂ ಹತ್ತು ನಿಮಿಷ ಬಡಿಯಬೇಕು. ಸದ್ದು ಬದಲಾಗುತ್ತದೆ, ಟಣ್ ಅನ್ನುವುದು ಹೋಗಿ ಕಲ್ಲಿಗೆ ಹೊಡೆದ ಹಾಗೆ ಕೇಳುತ್ತದೆ. ಬೆಣೆಯಲ್ಲಿ ಒಂದು ಮೊಳೆಯಷ್ಟು ತೂತು, ಆವಿ ಹೋಗಲಿ ಅಂತ. ಮರಳಿಗೆ ಆಚಾರಿಯವರು ಇನ್ನೊಂದು ಸಾಮಾನು ಬೆರೆಸುತ್ತಾರೆ, ಅದು ಅವರ ಅಪ್ಪನಿಂದ ಬಂದ ವಿದ್ಯೆ, ಇಲ್ಲಿ ಹೇಳಲು ನನಗೆ ಒಪ್ಪಿಗೆ ಇಲ್ಲ.

ಎರಡನೇ ಬಾಗು ಸೀಳಿತು. ಪೈಪಿನ ಉದ್ದಕ್ಕೆ ಇರುವ ವೆಲ್ಡ್ ಗೆರೆಯನ್ನು ಹೊರಬದಿಗೆ ಇಟ್ಟಿದ್ದೆ. ಅದು ಪಕ್ಕಕ್ಕೆ ಬರಬೇಕು, ಹಿಗ್ಗುವ ಕಡೆಗೂ ಅಲ್ಲ, ಕುಗ್ಗುವ ಕಡೆಗೂ ಅಲ್ಲ. ಇನ್ನೊಂದು ಉದ್ದ ಪೈಪು ತರಬೇಕಾಯಿತು. ನಾಲ್ಕು ದಿನದ ಕೆಲಸದಲ್ಲಿ ಏಳು ಬಾಗು ಬಂತು. ಒಳಗೆ ಚೆಂಡು ಬಿಟ್ಟು ನೋಡಿದೆ, ಒಂದು ತುದಿಯಲ್ಲಿ ಹಾಕಿದರೆ ಇನ್ನೊಂದು ತುದಿಗೆ ಉರುಳಿ ಬರುತ್ತಿತ್ತು. ಇಂಗ್ಲೆಂಡಿನ ಪೈಪು ಇದಕ್ಕಿಂತ ಚೆನ್ನಾಗಿ ಇರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ.

ಡಬ್ಬಗಳನ್ನು ನಾನೇ ಕಟ್ಟಿದೆ. ಮುಂದಿನದರಲ್ಲಿ ತೂತಿನ ಪೈಪು, ಅದರ ಸುತ್ತ ಮೊದಲು ಉಕ್ಕಿನ ನಾರು, ಅದರ ಮೇಲೆ ಗ್ಲಾಸ್ ವೂಲ್. ಗ್ಲಾಸ್ ವೂಲ್ ಮಾತ್ರ ಹಾಕಿದರೆ ಒಂದು ವರ್ಷದಲ್ಲಿ ಹೊಗೆಯೊಟ್ಟಿಗೆ ಹಾರಿ ಹೋಗುತ್ತದೆ. ಹಿಂದಿನದು ಮೂರು ಕೋಣೆಯದ್ದು, ಹೊಗೆ ಒಮ್ಮೆ ಹಿಂದೆ ತಿರುಗಿ ಮತ್ತೆ ಮುಂದೆ ಬರಬೇಕು. ತಡೆಗಳಲ್ಲಿ ಎಷ್ಟು ತೂತು, ಎಷ್ಟು ದೊಡ್ಡದು ಎಂಬುದು ನಾಲ್ಕು ಸಲ ಬಿಚ್ಚಿ ಕಟ್ಟಿ ಕಂಡುಕೊಂಡದ್ದು, ಸದ್ಯಕ್ಕೆ ಬರೆಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ, ಹಿಂದಿನ ಡಬ್ಬದ ಅತಿ ತಗ್ಗಿನ ಜಾಗದಲ್ಲಿ 3 ಮಿಲಿಮೀಟರ್ ತೂತು ಹಾಕಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಆಗುತ್ತದೆ. ಪೇಟೆಗೆ ಹೋಗಿ ಬರುವ ಸಣ್ಣ ಓಟದಲ್ಲಿ ಆ ನೀರು ಆರುವುದಿಲ್ಲ, ಡಬ್ಬದಲ್ಲೇ ನಿಂತು ಒಳಗಿನಿಂದ ತಿನ್ನುತ್ತದೆ. ನಮ್ಮ ಕಡೆ ಪೈಪು ಹಾಳಾಗುವುದು ಮಳೆಯಿಂದ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಬಿಚ್ಚಿ ನೋಡಿದ ಹಳೆಯ ಡಬ್ಬಗಳೆಲ್ಲ ಒಳಗಿನಿಂದಲೇ ಹೋಗಿದ್ದವು.

ಪೈಪಿಗೆ ಬಿಸಿ ತಡೆಯುವ ಬಟ್ಟೆ ಸುತ್ತುವ ಆಸೆ ನನಗೂ ಇತ್ತು. ಹಳೆಯ ಹೆಡರಿಗೆ ಸುತ್ತಿ ನೋಡಿದ್ದೆ. ಜುಲೈಯ ತೇವ ಹೀರಿಕೊಂಡು ಒದ್ದೆ ಗೋಣಿಯ ಹಾಗೆ ಕೂತಿತು, ಬಿಚ್ಚುವಾಗ ಅಡಿಯಲ್ಲಿ ಬರೀ ತುಕ್ಕಿನ ಪದರ. ಅದರ ಬದಲು ಕಾರ್ಬುರೇಟರಿನ ಅಡಿಗೆ ಅಲ್ಯೂಮಿನಿಯಂ ತಗಡಿನ ಗುರಾಣಿ ಮಾಡಿದೆ. ಅಳತೆಗೆ ಅಡಿಕೆ ಹಾಳೆ ಬಳಸಿದೆ. ಒದ್ದೆ ಮಾಡಿದರೆ ಬಾಗುತ್ತದೆ, ಒಣಗಿದರೆ ಅದೇ ಆಕಾರದಲ್ಲಿ ನಿಲ್ಲುತ್ತದೆ, ಕತ್ತರಿಯಲ್ಲಿ ಕತ್ತರಿಸಬಹುದು. ರಟ್ಟಿಗಿಂತ ಎಷ್ಟೋ ಮೇಲು. ಏಪ್ರಿಲಿನ ಬಿಸಿಲಲ್ಲಿ ನಿಂತು ಹೊರಟಾಗ ಇಂಜಿನ್ ಮುಗ್ಗರಿಸುತ್ತಿದ್ದದ್ದು ಇದರಿಂದ ನಿಂತಿತು.

ನೇತು ಹಾಕುವುದರಲ್ಲಿ ಅವಸರ ಮಾಡಬೇಡಿ. ಇಳಿ ಪೈಪನ್ನು ಗೇರ್‌ಬಾಕ್ಸಿನ ಹತ್ತಿರ ಹಿಡಿಯುವ ಪಟ್ಟಿ ನನ್ನ ಕಾರಿನಲ್ಲಿ ಇರಲೇ ಇಲ್ಲ, ಅಷ್ಟೂ ವರ್ಷ ಎಲ್ಲ ಭಾರ ಮ್ಯಾನಿಫೋಲ್ಡಿನ ಮೇಲೆ ಇತ್ತು. ಇಂಜಿನ್ ಮೌಂಟಿನ ರಬ್ಬರ್ ಕೂಡ ಕುಸಿದಿತ್ತು, ಪೈಪು ಕೆಳಗೆ ಬಂದದ್ದಕ್ಕೆ ಅರ್ಧ ಕಾರಣ ಅದೇ. ಎರಡನ್ನೂ ಸರಿ ಮಾಡಿ, ಎಲ್ಲ ಕ್ಲ್ಯಾಂಪನ್ನೂ ಸಡಿಲ ಬಿಟ್ಟು, ಇಂಜಿನ್ ಇಪ್ಪತ್ತು ನಿಮಿಷ ಓಡಿಸಿ, ಪೈಪು ತನಗೆ ಬೇಕಾದ ಹಾಗೆ ಕೂತ ಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿದೆ. ಸೋರಿಕೆ ನೋಡಲು ವ್ಯಾಕ್ಯೂಮ್ ಕ್ಲೀನರನ್ನು ಊದುವ ಕಡೆಯಿಂದ ಬಾಲಕ್ಕೆ ಕೊಟ್ಟು ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿದೆ. ಒಂದೇ ಕಡೆ ಗುಳ್ಳೆ ಬಂತು.

ಖರ್ಚು ನೆನಪಿನಿಂದ ಹೇಳುವುದಾದರೆ ಪೈಪು 5200, ಆಚಾರಿಯವರಿಗೆ 6 ಸಾವಿರ, ವೆಲ್ಡರಿಗೆ 5, ತಗಡು, ಗ್ಲಾಸ್ ವೂಲ್, ಸ್ಟಡ್ಡು, ನಟ್ಟು ಎಲ್ಲ ಸೇರಿ ಇನ್ನೊಂದು 5. ಮ್ಯಾನಿಫೋಲ್ಡ್, ಮಿಲ್ಲಿಂಗ್ ಸೇರಿಸಿದರೆ 32 ಸಾವಿರದ ಹತ್ತಿರ. ಸ್ಟೇನ್‌ಲೆಸ್ಸಿಗೆ ಹಾಕಿದ 28 ಸಾವಿರ ನೀರಿನಲ್ಲಿ ಹೋಮ.

ಫೋನಿನಲ್ಲಿ ಅಳೆದರೆ 3000 ಆರ್‌ಪಿಎಂನಲ್ಲಿ ಹಿಂದೆ 97 ಡೆಸಿಬೆಲ್ ಇದ್ದದ್ದು ಈಗ 84–85. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹೊಂದಿಸುವ ಜೆಟ್ ನಟ್ಟನ್ನು ಎರಡು ಮುಖದಷ್ಟು ತಿರುಗಿಸಬೇಕಾಯಿತು, ಪ್ಲಗ್ಗಿನ ಬಣ್ಣ ಈಗ ಬಿಸ್ಕೆಟಿನ ಹಾಗಿದೆ. ದೊಡ್ಡ ಪೈಪು ತೆಗೆದರೆ ಶಕ್ತಿ ಹೋಗುತ್ತದೆ ಅಂದವರಿಗೆ ಹೇಳುತ್ತೇನೆ, ಮೂರನೇ ಗೇರಿನಲ್ಲಿ 40ರಿಂದ 80ಕ್ಕೆ ಹಿಂದೆ ಒಂಬತ್ತು ಸೆಕೆಂಡಿನ ಮೇಲೆ ಬೇಕಿತ್ತು, ಈಗ ಎಂಟೂವರೆ. ಪೆರ್ಲ ದಾಟಿ ಅಡ್ಕಸ್ಥಳದ ಕಡೆ ಹೋಗುವಾಗಿನ ಏರಿನಲ್ಲಿ ಎರಡಕ್ಕೆ ಇಳಿಸುತ್ತಿದ್ದೆ, ಈಗ ಮೂರರಲ್ಲೇ ಹತ್ತುತ್ತದೆ. ಪಕ್ಕದಲ್ಲಿ ಕೂತ ಹೆಂಡತಿಯ ಹತ್ತಿರ ಮಾತಾಡುತ್ತಾ ಹತ್ತುತ್ತೇನೆ.

ವಿಟ್ಲದ ಗೆಳೆಯರೊಬ್ಬರ ಹತ್ತಿರ ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇದೆ, ಅದರ ಪೈಪೂ ಯಾರದ್ದೋ ಕೈಯಲ್ಲಿ ಹಾಳಾಗಿದೆ. ಹೋದ ವಾರ ಕಂಬಿಯ ಅಚ್ಚು ತೆಗೆದು ಬಂದೆ. ಮರಳು ಈಗ ನಮ್ಮ ಅಡಿಕೆ ಡ್ರೈಯರಿನ ಮೇಲಿದೆ. ಬಾಣಲೆಯಲ್ಲಿ ಹುರಿಯುವುದು ಭಾನುವಾರ.