ನಿಮ್ಮ ವೆಬ್‌ಸೈಟಿನ ಬೀಗದ ಕೈ ಯಾರ ಹತ್ತಿರ ಇದೆ?

ಪ್ರಪಂಚದ ಮೊದಲ ವೆಬ್‌ಸೈಟ್ ಇದ್ದದ್ದು ಜಿನೀವಾ ಹತ್ತಿರದ ಸರ್ನ್ ಸಂಶೋಧನಾ ಕೇಂದ್ರದಲ್ಲಿ, ನೆಕ್ಸ್ಟ್ ಅನ್ನುವ ಕಂಪನಿಯ ಒಂದು ಕಪ್ಪು ಕಂಪ್ಯೂಟರಿನೊಳಗೆ. ಅದನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ ಆ ಕಂಪ್ಯೂಟರಿನ ಮೇಲೆ ಒಂದು ಚೀಟಿ ಅಂಟಿಸಿದ್ದರು. ಕೆಂಪು ಶಾಯಿಯಲ್ಲಿ ಕೈಯಲ್ಲೇ ಬರೆದದ್ದು: ‘ಈ ಯಂತ್ರ ಸರ್ವರ್. ಆಫ್ ಮಾಡಬೇಡಿ!!’ ಯಾರಾದರೂ ಗೊತ್ತಿಲ್ಲದೆ ಸ್ವಿಚ್ ಒತ್ತಿದ್ದರೆ ಆಗ ಇದ್ದಷ್ಟೂ ವೆಬ್ ಬಂದ್.

ಹೋಸ್ಟಿಂಗ್ ಅಂದರೆ ಇವತ್ತಿಗೂ ಇಷ್ಟೇ. ಹಗಲೂ ರಾತ್ರಿ ಆಫ್ ಆಗದ ಒಂದು ಕಂಪ್ಯೂಟರು, ಅದರೊಳಗೆ ನಿಮ್ಮ ಫೈಲುಗಳು, ಯಾರು ಕೇಳಿದರೂ ಅವನ್ನು ತೆಗೆದು ಕಳಿಸುವ ಒಂದು ಸಾಫ್ಟ್‌ವೇರ್. ಆ ಕಂಪ್ಯೂಟರನ್ನು ನಾವು ಬಾಡಿಗೆಗೆ ಹಿಡಿಯುತ್ತೇವೆ, ಅಷ್ಟೇ ವ್ಯತ್ಯಾಸ. ಬಾಡಿಗೆ ಅಂದ ಮೇಲೆ ಕರಾರು ಯಾರ ಹೆಸರಲ್ಲಿದೆ, ಕೀಲಿ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆ ಬರಬೇಕಲ್ವಾ? ಸೈಟ್ ಚೆನ್ನಾಗಿ ನಡೆಯುತ್ತಿರುವಾಗ ಇದನ್ನು ಯಾರೂ ಕೇಳುವುದಿಲ್ಲ. ನಾನು ನೋಡಿದ ಗೋಳುಗಳಲ್ಲಿ ಮುಕ್ಕಾಲು ಭಾಗ ಇಲ್ಲೇ ಶುರುವಾದವು.

ಮೊದಲು ಹೆಸರು

ಡೊಮೇನ್ ಹೆಸರು, ಅಂದರೆ ಜನ ಬ್ರೌಸರಿನಲ್ಲಿ ಟೈಪ್ ಮಾಡುವ ನಿಮ್ಮ ಸೈಟಿನ ಹೆಸರು ಬೇರೆ, ಹೋಸ್ಟಿಂಗ್ ಬೇರೆ. ಎರಡನ್ನೂ ಒಂದೇ ಕಂಪನಿಯಿಂದ, ಒಂದೇ ಬಿಲ್ಲಿನಲ್ಲಿ ತೆಗೆದುಕೊಳ್ಳಬಹುದು ಅನ್ನುವುದೇ ಗೊಂದಲಕ್ಕೆ ಕಾರಣ. ಹೋಸ್ಟಿಂಗ್ ಹಾಳಾದರೆ ನಾಳೆ ಇನ್ನೊಂದು ಕಡೆ ಹೋಗಬಹುದು. ಹೆಸರು ಕೈಬಿಟ್ಟರೆ ಅದೇ ಹೆಸರು ಮತ್ತೆ ಸಿಗುವ ಖಾತರಿ ಇಲ್ಲ. ಹಾಗಾಗಿ ಹೋಸ್ಟಿಂಗ್ ವಿಷಯದಲ್ಲಿ ಸ್ವಲ್ಪ ಉದಾಸೀನ ಮಾಡಿದರೂ ನಡೆಯುತ್ತದೆ, ಡೊಮೇನ್ ವಿಷಯದಲ್ಲಿ ಮಾತ್ರ ಬೇಡ.

ಸೈಟ್ ಮಾಡಿಕೊಟ್ಟ ಹುಡುಗನೇ ಡೊಮೇನ್ ಕೂಡ ಕೊಂಡಿರುತ್ತಾನೆ. ತನ್ನ ಖಾತೆಯಲ್ಲಿ, ತನ್ನ ಇಮೇಲ್ ಕೊಟ್ಟು. ಅವನಲ್ಲಿ ಕೆಟ್ಟ ಉದ್ದೇಶ ಏನೂ ಇರುವುದಿಲ್ಲ, ಆ ಕ್ಷಣಕ್ಕೆ ಅದು ಸುಲಭ ಅಷ್ಟೇ. ಮೂರು ವರ್ಷದ ಮೇಲೆ ಅವನ ಫೋನ್ ನಂಬರ್ ಬದಲಾಗಿರುತ್ತದೆ, ನವೀಕರಣದ ನೋಟಿಸು ಅವನು ತೆರೆಯದ ಇನ್‌ಬಾಕ್ಸಿಗೆ ಹೋಗುತ್ತಿರುತ್ತದೆ. ಆದ್ದರಿಂದ ಡೊಮೇನನ್ನು ಮಾರುವ ರಿಜಿಸ್ಟ್ರಾರ್ ಕಂಪನಿಯಲ್ಲಿ ಖಾತೆ ನಿಮ್ಮ ಹೆಸರಲ್ಲೇ ಇರಲಿ. ಕೆಲಸದವರಿಗೆ ಬೇಕಾದಾಗ ಪ್ರವೇಶ ಕೊಡಿ, ಮಾಲೀಕತ್ವ ಕೊಡಬೇಡಿ.

ಇಲ್ಲಿ ಒಂದು ಸಣ್ಣ ವಿಷಯವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ರಿಜಿಸ್ಟ್ರಾರ್ ಖಾತೆಗೆ ಕೊಡುವ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಕೆಲಸ ನಿಲ್ಲಿಸಿದರೆ ಆ ಇಮೇಲೂ ನಿಲ್ಲುತ್ತದೆ. ಪಾಸ್‌ವರ್ಡ್ ಮರೆತಿದ್ದರೆ ಹೊಸದು ಕೇಳಿ ಬರುವ ಮೇಲ್ ಕೂಡ ಅಲ್ಲಿಗೇ ಹೋಗಿ ಬೀಳಬೇಕು. ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ.

ಅವಧಿ ಮುಗಿದ ಕೂಡಲೇ ಹೆಸರು ಕೈತಪ್ಪುವುದಿಲ್ಲ. ಡಾಟ್ ಕಾಮ್‌ನಂಥ ಹೆಸರುಗಳಿಗೆ ರಿಜಿಸ್ಟ್ರಾರ್ ಯಾರು ಅನ್ನುವುದನ್ನು ಅವಲಂಬಿಸಿ 45 ದಿನದವರೆಗೂ ವಿನಾಯಿತಿ ಸಿಗಬಹುದು. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಅದೂ ದಾಟಿದರೆ ಇನ್ನು 5 ದಿನ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಸೈಟ್ ಮಾತ್ರ ಇದಕ್ಕೆಲ್ಲ ಮುಂಚೆಯೇ ಕಣ್ಮರೆಯಾಗಿರುತ್ತದೆ. ‘ನಾವು ಮರೆಯುತ್ತೇವಾ?’ ಅನ್ನಬೇಡಿ. 1999ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯೇ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್ ಹೆಸರನ್ನು ನವೀಕರಿಸಲು ಮರೆತಿತ್ತು. ಅದರ ಇಮೇಲ್ ಸೇವೆ ಹಾಟ್‌ಮೇಲ್‌ನ ಲಾಗಿನ್ ಆ ಹೆಸರಿನ ಮೂಲಕವೇ ಆಗುತ್ತಿದ್ದದ್ದರಿಂದ ಬಳಕೆದಾರರು ಪರದಾಡಿದ್ದರು. ಕೊನೆಗೆ ಹೊರಗಿನ ಒಬ್ಬ ಪ್ರೋಗ್ರಾಮರ್ ತನ್ನ ಕೈಯಿಂದ ಶುಲ್ಕ ಕಟ್ಟಿದ. ಆಟೊ ರಿನ್ಯೂ ಆನ್ ಮಾಡಿ. ಅಲ್ಲಿ ಕೊಟ್ಟಿರುವ ಕಾರ್ಡಿನ ಅವಧಿ ಮುಗಿದಿದೆಯಾ ಅಂತಲೂ ನೋಡಿ.

ಎಷ್ಟು ದೊಡ್ಡ ಜಾಗ ಬೇಕು?

ಶೇರ್ಡ್ ಹೋಸ್ಟಿಂಗಿನಲ್ಲಿ ಒಂದೇ ಸರ್ವರನ್ನು ನೂರಾರು ಸೈಟುಗಳು ಹಂಚಿಕೊಳ್ಳುತ್ತವೆ. ವಿಪಿಎಸ್‌ನಲ್ಲಿ ಸರ್ವರಿನ ಒಂದು ಪಾಲು ನಿಮಗೇ ಮೀಸಲು, ಆದರೆ ಅದನ್ನು ನೋಡಿಕೊಳ್ಳುವ ಕೆಲಸವೂ ನಿಮ್ಮದೇ. ಡೆಡಿಕೇಟೆಡ್ ಅಂದರೆ ಇಡೀ ಯಂತ್ರ. ಕ್ಲೌಡ್‌ನಲ್ಲಿ ಬಳಸಿದಷ್ಟಕ್ಕೆ ಬಿಲ್. ಹತ್ತಿಪ್ಪತ್ತು ಪುಟದ ಸೈಟಿಗೆ, ವೈಯಕ್ತಿಕ ಬ್ಲಾಗಿಗೆ ಶೇರ್ಡ್ ಧಾರಾಳ ಸಾಕು. ‘ಮುಂದೆ ಬೇಕಾಗಬಹುದು’ ಅಂತ ಸುಮ್ನೆ ವಿಪಿಎಸ್ ಹಿಡಿದು, ಅದಕ್ಕೆ ಒಂದು ಅಪ್‌ಡೇಟನ್ನೂ ಹಾಕದೆ ಬಿಡುವುದಕ್ಕಿಂತ ಇದೇ ಸುರಕ್ಷಿತ ಅನ್ನುವುದು ನನ್ನ ಅಭಿಪ್ರಾಯ.

ಜಾಹೀರಾತಿನ ‘ಅನ್‌ಲಿಮಿಟೆಡ್’ ಪದವನ್ನು ನಂಬಬೇಡಿ. ಡಿಸ್ಕ್ ಜಾಗಕ್ಕೆ ಮಿತಿ ಇಲ್ಲ ಅಂದವರು ಫೈಲುಗಳ ಸಂಖ್ಯೆಗೆ ಮಿತಿ ಹಾಕಿರುತ್ತಾರೆ. ಇನೋಡ್ ಲಿಮಿಟ್ ಅಂತ ನಿಯಮಗಳಲ್ಲಿ ಎಲ್ಲೋ ಕೆಳಗೆ ಬರೆದಿರುತ್ತದೆ. ಸಿಪಿಯು, ಮೆಮೊರಿಗೂ ಹಾಗೇ. ‘99.9 ಶೇಕಡಾ ಅಪ್‌ಟೈಮ್’ ಅನ್ನುವುದನ್ನೂ ಲೆಕ್ಕ ಹಾಕಿ ನೋಡಿ: 30 ದಿನದ ತಿಂಗಳಲ್ಲಿ 43 ನಿಮಿಷ ಸೈಟ್ ಇಲ್ಲದಿದ್ದರೂ ಅವರ ಮಾತು ತಪ್ಪಿದಂತಲ್ಲ. ಬರೀ 99 ಅಂದರೆ 7 ಗಂಟೆಗೂ ಜಾಸ್ತಿ.

ಹೆಸರಿಗೂ ಸರ್ವರಿಗೂ ಗಂಟು

ಈಗ ಡೊಮೇನ್ ಇದೆ, ಹೋಸ್ಟಿಂಗ್ ಇದೆ. ಎರಡನ್ನೂ ಜೋಡಿಸುವುದು ಡಿಎನ್‌ಎಸ್. ನಾಲ್ಕು ಪದ ಗೊತ್ತಿದ್ದರೆ ಸಾಕು. ನೇಮ್‌ಸರ್ವರ್ ಅಂದರೆ ನಿಮ್ಮ ಡೊಮೇನಿನ ದಾಖಲೆಗಳನ್ನು ಇಟ್ಟುಕೊಂಡಿರುವ ಜಾಗ. ಎ ರೆಕಾರ್ಡ್ ಸೈಟ್ ಯಾವ ಐಪಿ ವಿಳಾಸದಲ್ಲಿದೆ, ಅಂದರೆ ಯಾವ ಅಂಕಿಗಳ ಸರ್ವರ್ ವಿಳಾಸದಲ್ಲಿದೆ ಅಂತ ಹೇಳುತ್ತದೆ. ಎಂಎಕ್ಸ್ ರೆಕಾರ್ಡ್ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ. ಟಿಟಿಎಲ್ ಅನ್ನುವುದು ಈ ಉತ್ತರವನ್ನು ಎಷ್ಟು ಸೆಕೆಂಡು ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ.

ಒಮ್ಮೆ ಭಾನುವಾರ ರಾತ್ರಿ ನನ್ನ ಸೈಟನ್ನು ಹೊಸ ಕಂಪನಿಗೆ ಸಾಗಿಸಿದೆ. ‘ನಮ್ಮ ನೇಮ್‌ಸರ್ವರ್ ಹಾಕಿ, ಮುಗೀತು’ ಅಂತ ಅವರ ಸಹಾಯ ಪುಟ ಹೇಳಿತ್ತು. ಹಾಕಿದೆ. ಬೆಳಿಗ್ಗೆ ಸೈಟ್ ಜುಮ್ ಅಂತ ತೆರೆಯಿತು, ಖುಷಿಯಾಯಿತು. ಸೋಮವಾರ ಒಂದು ಮೇಲೂ ಬರಲಿಲ್ಲ. ಮಂಗಳವಾರವೂ ಇಲ್ಲ. ಎಲ್ಲರೂ ಬಿಡುವಿಲ್ಲದೆ ಇರಬೇಕು ಅಂದುಕೊಂಡೆ! ಕೊನೆಗೆ ಒಬ್ಬರು ಫೋನ್ ಮಾಡಿ, ‘ನಿಮಗೆ ಕಳಿಸಿದ ಮೇಲ್ ವಾಪಸ್ ಬಂತು, ಅಂಥ ಬಳಕೆದಾರರೇ ಇಲ್ಲ ಅಂತಿದೆ’ ಅಂದರು. ನೇಮ್‌ಸರ್ವರ್ ಬದಲಾಯಿಸಿದಾಗ ಹಳೆಯ ಕಡೆ ಇದ್ದ ದಾಖಲೆಗಳು ಒಂದೂ ಜೊತೆಗೆ ಬರುವುದಿಲ್ಲ. ಹೊಸ ಕಡೆ ಎ ರೆಕಾರ್ಡ್ ತಾನಾಗೇ ಹುಟ್ಟಿಕೊಂಡಿತ್ತು, ನನ್ನ ಎಂಎಕ್ಸ್ ಇರಲಿಲ್ಲ. ಎಂಎಕ್ಸ್ ಇಲ್ಲದಿದ್ದರೆ ಮೇಲ್ ಕಳಿಸುವ ಸರ್ವರ್‌ಗಳು ಎ ರೆಕಾರ್ಡಿನ ವಿಳಾಸಕ್ಕೇ ಹೋಗಿ ಬಾಗಿಲು ತಟ್ಟುತ್ತವೆ. ಅಲ್ಲಿದ್ದ ಸರ್ವರಿಗೆ ನಾನು ಯಾರೋ ಏನೋ.

ಅಂದಿನಿಂದ ಡಿಎನ್‌ಎಸ್ ಮುಟ್ಟುವ ಮುಂಚೆ ಇಡೀ ದಾಖಲೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ. ಎಂಎಕ್ಸ್ ಅಷ್ಟೇ ಅಲ್ಲ, ಟಿಎಕ್ಸ್‌ಟಿ ದಾಖಲೆಗಳೂ ಮುಖ್ಯ. ನೀವು ಕಳಿಸುವ ಮೇಲ್ ಸ್ಪ್ಯಾಮ್‌ಗೆ ಬೀಳದಂತೆ ನೋಡಿಕೊಳ್ಳುವ ಎಸ್‌ಪಿಎಫ್, ಡಿಕಿಮ್ ಸಾಲುಗಳು ಅಲ್ಲೇ ಇರುತ್ತವೆ.

ಫೈಲು ಏರಿಸುವಾಗ

ಸರ್ವರಿಗೆ ಫೈಲು ಕಳಿಸಲು ಎಫ್‌ಟಿಪಿ, ಎಸ್‌ಎಫ್‌ಟಿಪಿ ಅಂತ ಎರಡು ವಿಧಾನಗಳು ಕಾಣುತ್ತವೆ. ಎಫ್‌ಟಿಪಿ ಬೇಡ, ಎಸ್‌ಎಫ್‌ಟಿಪಿ ಬಳಸಿ. ಹಳೆಯ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಹೋಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಕಾಣುವ ಚಿತ್ರ ಸೈಟಿನಲ್ಲಿ ಕಾಣದಿದ್ದರೆ ಹೋಸ್ಟಿಂಗ್‌ನವರನ್ನು ಬೈಯುವ ಮುಂಚೆ ಫೈಲಿನ ಹೆಸರು ನೋಡಿ. ವಿಂಡೋಸ್‌ಗೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಸರ್ವರ್‌ಗಳಲ್ಲಿ ಜಾಸ್ತಿ ಓಡುವ ಲಿನಕ್ಸ್‌ಗೆ ಅವು ಬೇರೆ ಬೇರೆ ಫೈಲು. ಇನ್ನೊಂದು: ಏನೋ ಕೆಲಸ ಮಾಡಲಿಲ್ಲ ಅಂತ ಫೋಲ್ಡರಿಗೆ 777 ಅನುಮತಿ ಕೊಡುವ ಸಲಹೆ ಎಲ್ಲಾದರೂ ಸಿಕ್ಕರೆ ಕೇಳಬೇಡಿ. ಆ ಸರ್ವರಿನಲ್ಲಿರುವ ಯಾರು ಬೇಕಾದರೂ ಬರೆಯಬಹುದು ಅಂತ ಅದರರ್ಥ. ಸಾಮಾನ್ಯವಾಗಿ ಫೋಲ್ಡರಿಗೆ 755, ಫೈಲಿಗೆ 644 ಸಾಕು.

ಸೈಟಿಗೂ ಓದುಗರಿಗೂ ನಡುವಿನ ಮಾತನ್ನು ಗುಟ್ಟಾಗಿಡುವ ಎಚ್‌ಟಿಟಿಪಿಎಸ್‌ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದಕ್ಕೆ ಬೇಕಾದ ಸರ್ಟಿಫಿಕೇಟುಗಳನ್ನು ಉಚಿತವಾಗಿ ಕೊಡುತ್ತದೆ. ಹೋಸ್ಟಿಂಗ್ ಪ್ಯಾನೆಲ್ಲಿನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ನವೀಕರಣವೂ ತಾನಾಗೇ ಆಗುತ್ತದೆ. ಅದಿಲ್ಲದ ಸೈಟುಗಳಿಗೆಲ್ಲ ಕ್ರೋಮ್ 2018ರಿಂದ ‘ನಾಟ್ ಸೆಕ್ಯೂರ್’ ಅಂತ ಹಣೆಪಟ್ಟಿ ಹಚ್ಚುತ್ತಿದೆ.

ಬ್ಯಾಕಪ್ ಎಲ್ಲಿದೆ?

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರಿಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟುಹೋಯಿತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಸೈಟೂ ಹೋಯಿತು, ಬ್ಯಾಕಪ್ಪೂ ಹೋಯಿತು. ಹೋಸ್ಟಿಂಗ್‌ನವರು ‘ದಿನಾ ಬ್ಯಾಕಪ್’ ಕೊಡುತ್ತಾರೆ ಅಂದರೆ ಒಳ್ಳೆಯದೇ, ಆದರೆ ಖಾತೆಯೇ ಬಂದ್ ಆದರೆ ಅದೂ ನಿಮಗೆ ಸಿಗುವುದಿಲ್ಲ. ತಿಂಗಳಿಗೊಮ್ಮೆಯಾದರೂ ಒಂದು ಪ್ರತಿಯನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿ. ವರ್ಡ್‌ಪ್ರೆಸ್ ಆದರೆ ಫೈಲುಗಳ ಜೊತೆ ಡೇಟಾಬೇಸ್ ಕೂಡ ಬೇಕು. ಬರಹಗಳೆಲ್ಲ ಇರುವುದು ಅದರಲ್ಲೇ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಸೈಟನ್ನು ಬೇರೆ ಕಡೆ ಎಬ್ಬಿಸಿ ನೋಡಿ. ತೆರೆಯದ ಜಿಪ್ ಫೈಲನ್ನು ಬ್ಯಾಕಪ್ ಅಂತ ನಂಬಿ ಕೂತವರನ್ನು ನಾನು ಬಲ್ಲೆ.

ಜಾಗ ಬದಲಿಸುವ ದಿನ

ಹೋಸ್ಟಿಂಗ್ ಸರಿ ಇಲ್ಲ ಅನ್ನಿಸಿದರೆ ಬದಲಿಸಿ, ಹೆದರಬೇಡಿ. ಹೆಸರು ನಿಮ್ಮ ಕೈಯಲ್ಲಿದೆ, ಬ್ಯಾಕಪ್ ಇದೆ. ಹೊಸ ಸರ್ವರಿನಲ್ಲಿ ಮೊದಲು ಎಲ್ಲವನ್ನೂ ಹಾಕಿ. ಆಮೇಲೆ ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಡಿಎನ್‌ಎಸ್ ಕೇಳುವ ಮುಂಚೆ ಕಂಪ್ಯೂಟರು ನೋಡುವ ಒಂದು ಸಣ್ಣ ಪಟ್ಟಿ) ಹೊಸ ಐಪಿ ವಿಳಾಸ, ಅದರ ಮುಂದೆ ನಿಮ್ಮ ಡೊಮೇನ್ ಬರೆಯಿರಿ. ಈಗ ಹೊಸ ಸೈಟ್ ನಿಮಗೊಬ್ಬರಿಗೇ ಕಾಣುತ್ತದೆ, ಊರಿಗೆಲ್ಲ ಹಳೆಯದೇ. ಪ್ರತಿ ಪುಟ, ಪ್ರತಿ ಫಾರ್ಮ್ ಒತ್ತಿ ನೋಡಿ. ಸರಿ ಇದ್ದರೆ ಆ ಸಾಲನ್ನು ಮರೆಯದೆ ಅಳಿಸಿ.

ಸಾಗಿಸುವ ಹಿಂದಿನ ದಿನವೇ ಎ ರೆಕಾರ್ಡಿನ ಟಿಟಿಎಲ್ ಅನ್ನು 300ಕ್ಕೆ ಇಳಿಸಿದರೆ ಬದಲಾವಣೆ ಐದಾರು ನಿಮಿಷದಲ್ಲೇ ಹೆಚ್ಚಿನವರನ್ನು ಮುಟ್ಟುತ್ತದೆ. ನೇಮ್‌ಸರ್ವರನ್ನೇ ಬದಲಿಸಿದರೆ ಈ ಉಪಾಯ ನಡೆಯುವುದಿಲ್ಲ. ಡಾಟ್ ಕಾಮ್ ನೋಂದಣಿಯವರು ಅದಕ್ಕೆ 172800 ಸೆಕೆಂಡು, ಅಂದರೆ ಎರಡು ದಿನ ಇಟ್ಟಿದ್ದಾರೆ. ಎಲ್ಲರೂ ‘48 ಗಂಟೆ ಕಾಯಿರಿ’ ಅನ್ನುವುದು ಅದಕ್ಕೇ.

ಹಳೆಯ ಖಾತೆಯನ್ನು ಅವತ್ತೇ ಮುಚ್ಚಬೇಡಿ. ಒಂದು ವಾರ ಇರಲಿ. ದಿನಾ ಅದರ ಆಕ್ಸೆಸ್ ಲಾಗ್, ಅಂದರೆ ಯಾರು ಯಾವಾಗ ಬಂದರು ಅನ್ನುವ ದಾಖಲೆ ತೆರೆದು ನೋಡಿ. ಮೊದಲ ದಿನ ಸಾಲು ಸಾಲು ಓದುಗರು ಇನ್ನೂ ಅಲ್ಲಿಗೇ ಬರುತ್ತಿರುತ್ತಾರೆ, ಮಾರನೇ ದಿನ ನಾಲ್ಕಾರು ಮಂದಿ. ಯಾವತ್ತು ಬರೀ ಬಾಟ್‌ಗಳು, ಅಂದರೆ ತಾವಾಗೇ ಸೈಟುಗಳನ್ನು ಸುತ್ತುವ ಪ್ರೋಗ್ರಾಮುಗಳು ಮಾತ್ರ ಬಂದು ಹೋಗಿರುತ್ತವೋ ಅವತ್ತು ಖಾತೆ ರದ್ದು ಮಾಡಿ.