ಕೇಸಿನ ಹೆಸರಿಲ್ಲದ ಟೆಸ್ಟು: ಅಂತರರಾಷ್ಟ್ರೀಯ ಕಾನೂನಿನಲ್ಲಿ ನನ್ನ ಅನುಭವ

"ಕೇಸಿನ ಹೆಸ್ರು ಕೊಡ್ಲಾರ್ದೆ ಕೇಳಿದ್ರ ನಮ್ಮ ಹುಡುಗ್ರು ಖಾಲಿ ಹಾಳಿ ಕೊಡ್ತಾರ್ರಿ" ಎಂದು ಕಲಬುರಗಿಯ ಸಹೋದ್ಯೋಗಿಗಳು ಪಣ ಕಟ್ಟಿದವರಂತೆ ಹೇಳುತ್ತಿದ್ದರು. ನನ್ನ ಟೆಸ್ಟು ಇಷ್ಟೇ: ನಿಜವಾದ ಕೇಸಿನ ಕಥೆಯನ್ನು ಹೆಸರು ತೆಗೆದು ಕಾನೂನು ವಿದ್ಯಾರ್ಥಿಗಳಿಗೆ ಕೊಟ್ಟು, ಕಾನೂನು ಏನು ಹೇಳುತ್ತದೆ ಎಂದು ಕೇಳುವುದು. ಹಾಳಿ ಖಾಲಿ ಬರಲಿಲ್ಲ. ಈಗ ಅವರೇ ನನ್ನ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಿಕೊಳ್ಳುತ್ತಾರೆ.

"ಬಲಪ್ರಯೋಗ ನಿಷೇಧವನ್ನು ವಿವರಿಸಿ" ಎಂದರೆ, ಅದನ್ನು ಹೇಳುವ ವಿಶ್ವಸಂಸ್ಥೆಯ ಸನ್ನದಿನ 2(4)ನೇ ವಿಧಿ ಗೈಡಿನಿಂದ ಅಲ್ಪವಿರಾಮ ಸಮೇತ ಇಳಿಯುತ್ತದೆ. ಅದೇ ಹುಡುಗನಿಗೆ, "ಒಂದು ದೇಶ ಪಕ್ಕದ ದೇಶದ ಬಂಡುಕೋರರಿಗೆ ಬಂದೂಕು ಕೊಟ್ಟಿತು, ಪಕ್ಕದ ದೇಶ ಆತ್ಮರಕ್ಷಣೆ ಎಂದು ಸೇನೆ ನುಗ್ಗಿಸಬಹುದೇ?" ಎಂದರೆ, "ಹೌದು, 51ನೇ ವಿಧಿ" ಎನ್ನುತ್ತಾನೆ. ಆ ವಿಧಿ ಆತ್ಮರಕ್ಷಣೆಗೆ ಬಿಡುವುದು ಸಶಸ್ತ್ರ ದಾಳಿಯಾದಾಗ. ಬಂದೂಕು ಕೊಡುವುದು ಕಾನೂನುಬಾಹಿರವೇ ಹೌದು, ಆದರೆ ಅಷ್ಟರಿಂದಲೇ ಅದು ಸಶಸ್ತ್ರ ದಾಳಿಯಾಗದು ಎಂದು ಅಂತರರಾಷ್ಟ್ರೀಯ ನ್ಯಾಯಾಲಯದ 1986ರ ನಿಕರಾಗುವಾ ತೀರ್ಪು ಹೇಳುತ್ತದೆ. ಟೆಸ್ಟು ಅಳೆಯಬೇಕಾದದ್ದು ಈ ಅಂತರವನ್ನು.

ಈಗಿನ ಪತ್ರಿಕೆ ಒಂದೇ ಹಾಳಿ, ಎರಡೂ ಮಗ್ಗುಲು. ಎಂಟು ಸನ್ನಿವೇಶ, ಸುಮಾರು ನಲವತ್ತು ನಿಮಿಷ. ಪ್ರತಿಯೊಂದಕ್ಕೂ ನಾಲ್ಕು ಆಯ್ಕೆ, ಕೆಳಗೆ ಕಾರಣ ಬರೆಯಲು ಎರಡು ಗೆರೆ. ಆಯ್ಕೆಗೆ ಒಂದು ಅಂಕ, ಕಾರಣಕ್ಕೆ ಎರಡು. ಆಯ್ಕೆ ಸರಿಯಿದ್ದು ಕಾರಣ ಬೇರೆ ತತ್ವದ್ದಾಗಿದ್ದರೆ ಸೊನ್ನೆ. ಜಗಳ ಬರುವುದೆಲ್ಲ ಈ ಸೊನ್ನೆಗೇ, ಆದರೂ ಸಡಿಲಿಸಬೇಡಿ; ಕಣ್ಣು ಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲೊಂದು ಸರಿಯಾಗುತ್ತದೆ.

ತಪ್ಪು ಆಯ್ಕೆಗಳನ್ನು ಮನೆಯಲ್ಲಿ ಕೂತು ಹೆಣೆದರೆ ಯಾರೂ ಬೀಳುವುದಿಲ್ಲ. ಅದೇ ಸನ್ನಿವೇಶವನ್ನು ಆಯ್ಕೆಗಳಿಲ್ಲದೆ ಒಂದು ಬ್ಯಾಚಿಗೆ ಕೊಟ್ಟು, ಅವರು ಬರೆದ ತಪ್ಪುಗಳನ್ನೇ ಮುಂದಿನ ಬ್ಯಾಚಿಗೆ ಆಯ್ಕೆಯಾಗಿಸಬೇಕು. ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38(1)ರಲ್ಲಿರುವ ಕಾನೂನಿನ ಮೂಲಗಳ ಪಟ್ಟಿಯನ್ನೇ ಮೇಲು-ಕೀಳಿನ ಶ್ರೇಣಿ ಎನ್ನುವುದು, ಒಪ್ಪಂದಗಳ ನಿಯಮ ಹೇಳುವ 1969ರ ವಿಯೆನ್ನಾ ಒಪ್ಪಂದಕ್ಕೆ ಭಾರತ ಸೇರಿಲ್ಲವಾದ್ದರಿಂದ ಅದರ ಯಾವ ನಿಯಮವೂ ತಾಗದು ಎನ್ನುವುದು, ತೀರ್ಪು ಆ ಕೇಸಿನ ಕಕ್ಷಿಗಳಿಗಷ್ಟೇ ಎನ್ನುವ ಅದೇ ಶಾಸನದ 59ನೇ ವಿಧಿ ಮರೆತು ತೀರ್ಪು ಎಲ್ಲ ದೇಶಗಳಿಗೂ ಬದ್ಧ ಎನ್ನುವುದು ಪ್ರತಿ ಬ್ಯಾಚಿನಲ್ಲೂ ಸಿಗುತ್ತವೆ.

ಹೆಚ್ಚು ಕೆಲಸಕ್ಕೆ ಬಂದದ್ದು ಪೋರ್ಚುಗಲ್ ಭಾರತದ ಮೇಲೆ ಹೂಡಿದ ದಾದ್ರಾ-ನಗರಹವೇಲಿ ದಾರಿಯ ಕೇಸಿನ ಸನ್ನಿವೇಶ, ಹೆಸರು ತೆಗೆದದ್ದು. ಸುತ್ತಲೂ ಬೇರೆ ದೇಶವಿರುವ ತನ್ನ ತುಂಡು ನೆಲಕ್ಕೆ ಒಂದು ದೇಶದ ಜನ, ಸರಕು ನೂರಕ್ಕೂ ಹೆಚ್ಚು ವರ್ಷ ಓಡಾಡಿವೆ; ಸೈನಿಕರು ಮಾತ್ರ ಅನುಮತಿ ಕೇಳಿ ಹೋಗಿದ್ದಾರೆ. ಈಗ ದಾರಿ ಬಂದ್. "ಎರಡೇ ದೇಶಗಳ ನಡುವೆ ವಾಡಿಕೆ ಕಾನೂನು (ಬಹುಕಾಲದ ರೂಢಿಯಿಂದ ಬರುವ ಕಾನೂನು) ಹುಟ್ಟದು" ಎಂಬ ಆಯ್ಕೆಗೆ ಅರ್ಧ ತರಗತಿ ಬೀಳುತ್ತದೆ. ಹುಟ್ಟುತ್ತದೆ ಎಂದವರಲ್ಲೂ ಬಹಳ ಮಂದಿ ಸೈನಿಕರನ್ನೂ ಒಳಗೆ ಬಿಡುತ್ತಾರೆ. 1960ರ ತೀರ್ಪು ಜನ, ನಾಗರಿಕ ಅಧಿಕಾರಿಗಳು, ಸಾಮಾನ್ಯ ಸರಕಿಗೆ ಹಕ್ಕು ಒಪ್ಪಿ, ಸೇನೆ, ಸಶಸ್ತ್ರ ಪೊಲೀಸು, ಮದ್ದುಗುಂಡಿಗೆ ಒಪ್ಪಲಿಲ್ಲ. ಅನುಮತಿ ಕೇಳಿ ಹೋದದ್ದು ಹಕ್ಕಲ್ಲ ಎಂದು ಬರೆದರೆ ಎರಡೂ ಅಂಕ. ಭಾರತ ತನ್ನ ಬಾಧ್ಯತೆ ಮುರಿಯಲಿಲ್ಲ ಎಂದೂ ಕೋರ್ಟು ಹೇಳಿತು. ಅದನ್ನು ಬರೆದವನಿಗೆ ಚಹಾ ನನ್ನದು.

ಊರಿನದೇ ವಿಷಯ ಇಟ್ಟು ನೋಡಿದ್ದೂ ಇದೆ. 1948ರಲ್ಲಿ ನಿಜಾಮನ ಹೈದರಾಬಾದ್ ಭಾರತದ ವಿರುದ್ಧ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಒಯ್ದಿತಲ್ಲ, ಆಗ ಅದು ಸ್ವತಂತ್ರ ದೇಶವೇ? ಪೂರ್ತಿ ವಿಫಲ. ರಜಾಕಾರರ ಮೇಲೆ ಮುಕ್ಕಾಲು ಪುಟ, ಸೆಪ್ಟೆಂಬರ್ 17ರ ಭಾಷಣ, ಕಾನೂನು ಒಂದು ಸಾಲು. ಹೆಸರು ಅಳಿಸಿ, ಭಾರತದೊಂದಿಗಿನ 1947ರ ಯಥಾಸ್ಥಿತಿ ಒಪ್ಪಂದದಲ್ಲಿ ವಿದೇಶಾಂಗ ವ್ಯವಹಾರ ಇದ್ದದ್ದನ್ನು ಮಾತ್ರ ಉಳಿಸಿ ಕೊಟ್ಟಾಗ, ದೇಶ ಎನಿಸಿಕೊಳ್ಳಲು 1933ರ ಮಾಂಟೆವಿಡಿಯೊ ಒಪ್ಪಂದ ಹೇಳುವ ನಾಲ್ಕು ಲಕ್ಷಣಗಳನ್ನು (ಜನ, ನೆಲ, ಸರ್ಕಾರ, ಬೇರೆ ದೇಶಗಳೊಡನೆ ವ್ಯವಹರಿಸುವ ಸಾಮರ್ಥ್ಯ), ವಿಶೇಷವಾಗಿ ನಾಲ್ಕನೆಯದನ್ನು, ತೂಗಿ ಬರೆದರು. ಭೀಮಾ ನೀರಿನ ಸನ್ನಿವೇಶವೂ ಹಾಗೇ ಕೈಕೊಟ್ಟಿತು: ಅಂತರರಾಷ್ಟ್ರೀಯ ಕಾನೂನು ಬಿಟ್ಟು 1956ರ ಅಂತರರಾಜ್ಯ ಜಲವಿವಾದ ಕಾಯ್ದೆ ಎಂದು ಬರೆದರು; ಜಗಳ ರಾಜ್ಯಗಳ ನಡುವಿನದಾದ್ದರಿಂದ ಅದು ಸರಿಯೇ.

ಖರ್ಚು ಅಂದರೆ, ಹಾಳಿಗೆ ಎರಡು ರೂಪಾಯಿ ಹಿಡಿದರೂ ಅರವತ್ತು ಮಂದಿಗೆ ನೂರಿಪ್ಪತ್ತು. ಗೂಗಲ್ ಫಾರ್ಮ್ ಪುಕ್ಕಟೆ, ಆದರೆ ಬೆಂಚಿನ ಕೆಳಗಿನ ವಾಟ್ಸಾಪ್ ಗುಂಪಿನಿಂದ ಹತ್ತು ಮಂದಿಯ ಕಾರಣ ಒಂದೇ ಕಾಗುಣಿತ ತಪ್ಪಿನೊಂದಿಗೆ ಬಂತು. ನಿಜವಾದ ಖರ್ಚು ಮೌಲ್ಯಮಾಪನದ್ದು, ಹಾಳಿಗೆ ಮೂರು ನಿಮಿಷವಾದರೂ ಬೇಕು. ಕಾರಣವನ್ನು ಕನ್ನಡ, ಇಂಗ್ಲಿಷ್, ಉರ್ದು ಯಾವುದರಲ್ಲಾದರೂ ಬರೆಯಲು ಬಿಡಿ; ಉರ್ದುವನ್ನು ಓದಿಸಿಕೊಳ್ಳಲು ಒಬ್ಬರು ಗೊತ್ತಿದ್ದರೆ ಸಾಕು.

ಎಂಟನೇ ಸನ್ನಿವೇಶದಲ್ಲಿ ಒಂದು ಕೊಕ್ಕೆ ಇದೆ. ಇಲ್ಲಿ ಬರೆದರೆ ನಾಳೆಯೇ ಬೀದರ್, ಯಾದಗಿರಿಯ ಹುಡುಗರ ಮೊಬೈಲಿನಲ್ಲಿರುತ್ತದೆ, ಬರೆಯುವುದಿಲ್ಲ.