ಬೆರಳು ಹಿಂಡಬೇಡಿ, ರಕ್ತ ತಾನಾಗಿ ಬರಲಿ

ಮುಂಬೈ ಹತ್ತಿರದ ಡೊಂಬಿವಲಿಯ ಒಂದು ಮನೆ. ಅಮ್ಮನಿಗೆ ಕ್ಯಾನ್ಸರಿನ ಕೀಮೋ ಆಗಿ ಹತ್ತನೇ ದಿನ. ಮಗ ಅವರ ಬೆರಳನ್ನು ನಿಂಬೆಹಣ್ಣಿನ ಹಾಗೆ ಹಿಂಡುತ್ತಿದ್ದ. ಬಿಳಿ ರಕ್ತಕಣ ಎಣಿಸುವ ಪುಟ್ಟ ಯಂತ್ರ 1.9 ತೋರಿಸಿತು, ಮನೆಯವರ ಮುಖ ಕಪ್ಪಿಟ್ಟಿತು. ನಾನು ಇನ್ನೊಂದು ಬೆರಳಿಗೆ ಚುಚ್ಚಿ, ಹಿಂಡದೆ ತೆಗೆದಾಗ 2.6 ಬಂತು.

ಮನೆಮನೆಗೆ ಹೋಗಿ ರಕ್ತ ತೆಗೆಯುವುದು ನನ್ನ ಕೆಲಸ. ಪರೇಲಿನ ಟಾಟಾ ಆಸ್ಪತ್ರೆಯಲ್ಲಿ ಕೀಮೋ ತಗೊಂಡು ಮಾಟುಂಗಾ, ಡೊಂಬಿವಲಿಗೆ ಮರಳುವ ನಮ್ಮ ಕನ್ನಡದವರ ಮನೆಗಳಲ್ಲಿ ಇದೇ ತಪ್ಪನ್ನು ಎಷ್ಟೋ ಸಲ ನೋಡಿದ್ದೇನೆ. ಸಾಮಾನ್ಯವಾಗಿ ಕೀಮೋ ಆದ 7ರಿಂದ 14 ದಿನದೊಳಗೆ ಬಿಳಿ ರಕ್ತಕಣ ತೀರಾ ಇಳಿಯುತ್ತದೆ. ಆಗ ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಲ್ಯಾಬಿಗೆ ಹೋದರೆ ಸೋಂಕಿನ ಅಪಾಯ, ಅಲ್ವಾ? ಅದಕ್ಕೇ ಈ ಯಂತ್ರ. ಆದರೆ ನಿಮ್ಮ ಡಾಕ್ಟರು ಒಪ್ಪಿದ ಮೇಲೆ ಮಾತ್ರ.

ಮೊದಲು ಕೈ. ಬೆಚ್ಚಗಿನ ನೀರಲ್ಲಿ ಸೋಪು ಹಾಕಿ ತೊಳೆದು ಚೆನ್ನಾಗಿ ಒರೆಸಿ. ಸ್ಪಿರಿಟ್ ಹಚ್ಚಿದರೆ ಪೂರ್ತಿ ಆರಲಿ.

ಆಮೇಲೆ ಚುಚ್ಚುವುದು. ಎಡವಟ್ಟಾಗುವುದೆಲ್ಲ ಇಲ್ಲೇ. ನಡುಬೆರಳು ಅಥವಾ ಉಂಗುರದ ಬೆರಳು ಹಿಡಿಯಿರಿ, ಹೆಬ್ಬೆರಳು, ಕಿರುಬೆರಳು ಬೇಡ. ಸ್ತನದ ಆಪರೇಷನ್ನಿನಲ್ಲಿ ಕಂಕುಳಿನ ಗಂಟು ತೆಗೆದಿದ್ದರೆ ಆ ಕಡೆಯ ಕೈ ಬಿಟ್ಟುಬಿಡಿ. ಕೈಯನ್ನು ಒಂದು ನಿಮಿಷ ಕೆಳಗೆ ಇಳಿಬಿಡಿ. ಬೆರಳ ತುದಿಯ ನಟ್ಟನಡುವೆ ಚುಚ್ಚಬೇಡಿ, ಸ್ವಲ್ಪ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಸಕ್ಕರೆ ಪರೀಕ್ಷೆಯ ಸಪೂರ ಸೂಜಿ ಇದಕ್ಕೆ ಸಾಲುವುದಿಲ್ಲ. ಅದರಿಂದ ಬರುವುದು ಸಾಸಿವೆ ಕಾಳಿನಷ್ಟು, ಆಮೇಲೆ ಹಿಂಡುವ ಆಸೆ. ದಪ್ಪ ಲ್ಯಾನ್ಸೆಟ್ಟೇ (ಬೆರಳು ಚುಚ್ಚುವ ಸೂಜಿ) ತನ್ನಿ. ಒಮ್ಮೆ ಬಳಸಿದ್ದನ್ನು ಸುಮ್ನೆ ಎಸೆಯಿರಿ, ಉಳಿತಾಯ ಬೇಡ. ಮೊದಲ ಹನಿ ಒರೆಸಿ ತೆಗೆಯಿರಿ. ಮುಂದಿನದು ತಾನಾಗಿ ಗುಂಡಗೆ ಉಬ್ಬಲಿ. ಹಿಂಡಿದರೆ ಚರ್ಮದೊಳಗಿನ ನೀರು ರಕ್ತಕ್ಕೆ ಸೇರಿ ಲೆಕ್ಕವೇ ತಪ್ಪುತ್ತದೆ.

ರಕ್ತ ಹೀರಿಕೊಂಡು ಯಂತ್ರದೊಳಗೆ ಹೋಗುವ ಪುಟ್ಟ ಪ್ಲಾಸ್ಟಿಕ್ ತುಂಡೇ ಕ್ಯುವೆಟ್. ಅದರ ತುದಿಯನ್ನು ಹನಿಗೆ ತಾಗಿಸಿ, ಒಂದೇ ಸಲಕ್ಕೆ ತುಂಬಲಿ. ಅರ್ಧ ತುಂಬಿದ್ದಕ್ಕೆ ಇನ್ನಷ್ಟು ಸೇರಿಸುವ ಜಾಣತನ ಬೇಡ. ಒಳಗೆ ಗುಳ್ಳೆ ಕಂಡರೆ ಅದು ಕಸದ ಬುಟ್ಟಿಗೆ. ಕ್ಯುವೆಟ್ ಡಬ್ಬಿಯ ಮುಚ್ಚಳವನ್ನು ತಕ್ಷಣ ಮುಚ್ಚಿ. ಮುಂಬೈ ಮಳೆಗಾಲದ ತೇವ ಉಪ್ಪನ್ನೇ ಕರಗಿಸುತ್ತದೆ, ಇದನ್ನು ಬಿಡುತ್ತದೆಯೇ? ಗಾಯವನ್ನು ಹತ್ತಿಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಪ್ಲೇಟ್‌ಲೆಟ್ ಕಡಿಮೆ ಇದ್ದವರಿಗೆ ರಕ್ತ ಬೇಗ ನಿಲ್ಲುವುದಿಲ್ಲ.

ಈಗ ಓದುವುದು. 2.4 ಅಂದರೆ 2,400. ಆದರೆ ಅದು ಒಟ್ಟು ಬಿಳಿ ಕಣ. ನಿಮಗೆ ಬೇಕಾದ್ದು ಅದರಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಅನ್ನುವ ಕಣ. ಅದು ಶೇ. 30 ಇದ್ದರೆ 720. ನ್ಯೂಟ್ರೋಫಿಲ್ 1,500ಕ್ಕಿಂತ ಕೆಳಗಿದ್ದರೆ ಕಡಿಮೆ, 500ಕ್ಕಿಂತ ಕೆಳಗೆ ತೀರಾ ಕಡಿಮೆ. ಬರೀ ಒಟ್ಟು ಕೌಂಟ್ ತೋರಿಸುವ ಯಂತ್ರವನ್ನು ನಾನಂತೂ ಕೊಳ್ಳುವುದಿಲ್ಲ. ಕೌಂಟ್ ಏರಿಸುವ ಇಂಜೆಕ್ಷನ್ ತಗೊಂಡಿದ್ದರೆ ಅದರ ತಾರೀಖನ್ನೂ ಪಕ್ಕದಲ್ಲಿ ಬರೆದಿಡಿ. ಇಲ್ಲದಿದ್ದರೆ ದಿಢೀರನೆ ಏರಿದ ಅಂಕಿ ನೋಡಿ ಮೋಸ ಹೋಗುತ್ತೀರಿ.

ಜ್ವರ 100.4 ಮುಟ್ಟಿದರೆ ಯಂತ್ರ ಬದಿಗಿಡಿ. ಕೌಂಟ್ ನೋಡಿ ಆಮೇಲೆ ಹೊರಡೋಣ ಅಂತ ಕೂರಬೇಡಿ. ಡಾಕ್ಟರನ್ನು ಕೇಳದೆ ಪ್ಯಾರಾಸಿಟಮಾಲ್ ನುಂಗಿ ಜ್ವರ ಮುಚ್ಚಲೂ ಬೇಡಿ. ಕೀಮೋ ಫೈಲ್ ಹಿಡಿದು ಟ್ಯಾಕ್ಸಿ ಹತ್ತಿ, ರಾತ್ರಿ ಎರಡಾಗಿದ್ದರೂ ಸರಿ.